ಆಳುಗಳ ಕರೆಯುತ್ತಾನೆ ಸ್ಮಾಯಿಲ್ ಆಗಾ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಎರಡು ಸಲ ಕಾಫಿ ಮಾಡಿಕೊಂಡೆ, ಎರಡೂ ಸಲ ಕುಡಿಯದೆ ಆರಿಹೋಯಿತು. ಯಾರ ಮೇಲಾದರೂ ಹರಿಹಾಯೋಣ ಅಂದರೆ ಮನೆಯವರು ಆಫೀಸಿಗೆ ಹೋಗಿದ್ದಾರೆ. ಹಾಗಾಗಿ ನೀವು ಸಿಕ್ಕಿಬಿದ್ದಿರಿ.

ಇಲ್ಲಿ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ ಕೂತು ಎರಡು ವರ್ಷದಿಂದ ಕ್ರೊಯೇಷಿಯನ್ ಪದ್ಯಗಳ ತುಣುಕುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ ಅಂತ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಕೆಲವರಿಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ ಅಂತಲೂ ನನಗೆ ಗೊತ್ತು. ಒಂದು ಪತ್ರಿಕೆಯವರು ಅವನ್ನು ಹಾಕುತ್ತೇವೆ ಅಂದರು. ಹೆಸರು ಹೇಳೋದಿಲ್ಲ, ಕೇಳಬೇಡಿ. ನಿನ್ನೆ ರಾತ್ರಿ ಪ್ರೂಫ್ ಬಂತು. ಜೊತೆಗೆ ಒಂದೇ ಸಾಲಿನ ಮೇಲ್: "ಮೇಡಂ, ಕೆಲವು ಕಡೆ ವಾಕ್ಯಗಳು ತಿರುಗುಮುರುಗಾಗಿದ್ದವು, ಸರಿಪಡಿಸಿದ್ದೇವೆ."

ಸರಿಪಡಿಸಿದ್ದಾರಂತೆ!

ನಾನು ಬರೆದಿದ್ದು: "ಆಳುಗಳ ಕರೆಯುತ್ತಾನೆ ಸ್ಮಾಯಿಲ್ ಆಗಾ." ಪ್ರೂಫ್‌ನಲ್ಲಿ ಇರುವುದು: "ಸ್ಮಾಯಿಲ್ ಆಗಾ ತನ್ನ ಸೇವಕರನ್ನು ಕರೆಯುತ್ತಾನೆ." ಕರ್ತೃ, ಕರ್ಮ, ಕ್ರಿಯಾಪದ. ಐದನೇ ಕ್ಲಾಸಿನ ಮೇಷ್ಟ್ರು ನೋಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಆಳು ಹೋಗಿ ಸೇವಕ ಬಂದಿದ್ದನ್ನು ಈಗ ಎತ್ತೋದಿಲ್ಲ. ಅದಕ್ಕೆ ಇನ್ನೊಂದು ದಿನದ ಸಿಟ್ಟು ಬೇಕು.

ಇದು ಇವಾನ್ ಮಝುರಾನಿಚ್ 1846ರಲ್ಲಿ ಪ್ರಕಟಿಸಿದ ಕಾವ್ಯದ ಮೊದಲ ಸಾಲು. ಹರ್ಸೆಗೊವಿನಾದಲ್ಲಿ ಆಳುತ್ತಿದ್ದ ಒಬ್ಬ ಆಟೊಮನ್ ದೊರೆಯ ಕ್ರೌರ್ಯ ಮತ್ತು ಸಾವಿನ ಕಥೆ. ದೊರೆ ನಿಜವಾಗಿ ಇದ್ದವನು, 1840ರಲ್ಲಿ ಸತ್ತ. ಮೂಲದ ಸಾಲು "ಸ್ಲೂಗೆ ಜೋವೆ ಸ್ಮಾಯಿಲ್-ಆಗಾ". ಸ್ಲೂಗೆ ಅಂದರೆ ಆಳುಗಳು. ಜೋವೆ ಅಂದರೆ ಕರೆಯುತ್ತಾನೆ. ದೊರೆಯ ಹೆಸರು ಕೊನೆಗೆ.

ಇದರ ಮಜಾ ಏನು ಗೊತ್ತಾ? ಕ್ರೊಯೇಷಿಯನ್‌ನಲ್ಲಿ ಏಳು ವಿಭಕ್ತಿ. ಆದರೆ "ಸ್ಲೂಗೆ" ಅನ್ನೋ ಈ ಬಹುವಚನ ಪ್ರಥಮೆಯಲ್ಲೂ ದ್ವಿತೀಯೆಯಲ್ಲೂ ಒಂದೇ ಥರ ಇರುತ್ತದೆ. ಮೊದಲ ಪದ ಕಿವಿಗೆ ಬಿದ್ದಾಗ ಆಳುಗಳು ಏನೋ ಮಾಡುತ್ತಿದ್ದಾರಾ, ಆಳುಗಳಿಗೆ ಯಾರೋ ಏನೋ ಮಾಡುತ್ತಿದ್ದಾರಾ ಅಂತ ಗೊತ್ತಾಗುವುದಿಲ್ಲ. ಎರಡನೇ ಪದ ಏಕವಚನದ ಕ್ರಿಯಾಪದ. ಓಹೋ, ಇವರನ್ನು ಯಾರೋ ಒಬ್ಬ ಕರೆಯುತ್ತಿದ್ದಾನೆ. ಯಾರು? ಆಗ ಬರುತ್ತಾನೆ ಆಗಾ. ಆಳುಗಳನ್ನು ಕರೆಯುವುದು ಯಾಕೆ ಅಂದರೆ, ಸೆರೆಹಿಡಿದು ತಂದವರನ್ನು ಕೊಲ್ಲಿಸಲು ಹೊರಗೆ ತರಿಸಬೇಕು. ಅಂದರೆ ಇಡೀ ಕಾವ್ಯದಲ್ಲಿ ಮೊದಲು ಒಳಗೆ ಬರುವವರು ಆಳುಗಳು. ಕೈ ಮೊದಲು, ತಲೆ ಆಮೇಲೆ. ದೊರೆತನ ಅನ್ನೋದು ಯಾರ ಭುಜದ ಮೇಲೆ ನಿಂತಿದೆ ಅಂತ ಮೂರು ಪದದಲ್ಲಿ ತೋರಿಸಿಬಿಟ್ಟಿದ್ದಾನೆ ಕವಿ. ಇದು ನನ್ನ ಓದು, ಒಪ್ಪದವರು ಒಪ್ಪಬೇಡಿ.

ಇದಕ್ಕೆ ನಾನು "ಆಳುಗಳ" ಅಂತ ಬರೆಯಲು ಮೂರು ವಾರ ತೆಗೆದುಕೊಂಡೆ. ಮೊದಲು "ಆಳುಗಳನ್ನು" ಅಂತಿತ್ತು. ಆಮೇಲೊಂದು ದಿನ ಟ್ರಾಮ್‌ನಲ್ಲಿ, ಆರನೇ ನಂಬರಿನ ಟ್ರಾಮ್‌ನಲ್ಲಿ ನಿಂತುಕೊಂಡು ಹೋಗುವಾಗ ಹೊಳೆಯಿತು. ನಮ್ಮ ಪದ್ಯಗಳಲ್ಲಿ "ಆಳುಗಳ" ಅಂದರೆ ಆಳುಗಳನ್ನು ಅಂತಲೂ ಆಗುತ್ತದೆ, ಆಳುಗಳಿಗೆ ಸೇರಿದ ಅಂತಲೂ ಆಗುತ್ತದೆ. ಆಳುಗಳ ಏನು? ಆಳುಗಳ ಯಾರು? ಮುಂದಿನ ಪದ ಬರುವ ತನಕ ಗೊತ್ತಾಗಲ್ಲ. ಮೂಲದ ಅನುಮಾನ ಬೇರೆ ದಾರಿಯಲ್ಲಿ ಕನ್ನಡದಲ್ಲೂ ಬಂದುಬಿಟ್ಟಿತು! ಆ ದಿನ ಇಳಿಯಬೇಕಾದ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ. ಅಷ್ಟು ಖುಷಿ. ಅದನ್ನು ಸರಿಪಡಿಸಿದ್ದಾರೆ.

ನನಗೆ ಜಾಸ್ತಿ ಸಿಟ್ಟು ಬರುವುದು "ತಿರುಗುಮುರುಗು" ಅನ್ನೋ ಪದಕ್ಕೆ. ಇದರ ತದ್ವಿರುದ್ಧದ ಗುಂಪೂ ಒಂದಿದೆ. ಕ್ರೊಯೇಷಿಯನ್‌ನಲ್ಲಿ ಪದ ಎಲ್ಲಿ ಬೇಕಾದರೂ ಇಡಬಹುದು, ಪೂರ್ತಿ ಫ್ರೀ ಅನ್ನುವವರು. ಈ ಊರಿಗೆ ಬಂದು ಆರು ತಿಂಗಳಾದ ಪ್ರತಿಯೊಬ್ಬ ಸಾಫ್ಟ್‌ವೇರ್ ಹುಡುಗನೂ ಊಟಕ್ಕೆ ಕೂತಾಗ ಈ ಮಾತು ಹೇಳುತ್ತಾನೆ. ಇಬ್ಬರೂ ಒಂದೇ. ಒಬ್ಬರಿಗೆ ಪದದ ಜಾಗ ತಪ್ಪಾಗಿ ಕಾಣುತ್ತದೆ, ಇನ್ನೊಬ್ಬರಿಗೆ ಕಾಣುವುದೇ ಇಲ್ಲ.

ಫ್ರೀ ಅನ್ನುವವರನ್ನು ಒಂದು ದಿನ ನಮ್ಮ ಮನೆ ಓನರ್ ಅಜ್ಜಿಯ ಮುಂದೆ ಕೂರಿಸಬೇಕು. ಬಂದ ಹೊಸದರಲ್ಲಿ ನಾನು ಹೆಸರು ಹೇಳಿಕೊಳ್ಳಲು "ಸೆ ಜೋವೆಮ್" ಅಂತ ಶುರು ಮಾಡುತ್ತಿದ್ದೆ. ಅಜ್ಜಿ ಕೈ ಎತ್ತಿ ನಿಲ್ಲಿಸುತ್ತಿದ್ದರು. "ಜೋವೆಮ್ ಸೆ". ಮತ್ತೆ ಹೇಳು. "ಜೋವೆಮ್ ಸೆ". ಈ ಭಾಷೆಯಲ್ಲಿ ಸೆ, ಯೆ, ಮಿ, ತಿ, ಗಾ ಅಂತ ಚಿಳ್ಳೆಪಿಳ್ಳೆ ಪದಗಳಿವೆ. ಅವಕ್ಕೆ ಸ್ವಂತ ಒತ್ತಿಲ್ಲ, ಹಿಂದಿನ ಪದಕ್ಕೆ ಆನಿಕೊಂಡೇ ಬದುಕುತ್ತವೆ. ಹಾಗಾಗಿ ವಾಕ್ಯದ ತಲೆಯಲ್ಲಿ ಕೂರುವಂತಿಲ್ಲ, ಎರಡನೇ ಜಾಗವೇ ಅವಕ್ಕೆ ಮೀಸಲು. ಮೂರು ಒಟ್ಟಿಗೆ ಬಂದರೆ ಅವುಗಳಲ್ಲೇ ಕ್ಯೂ ಇದೆ. "ಅವನು ಅದನ್ನು ನನಗೆ ಕೊಟ್ಟ" ಅನ್ನಲು "ದಾವೊ ಮಿ ಗಾ ಯೆ". ನನಗೆ ಮೊದಲು, ಅದನ್ನು ಆಮೇಲೆ, ನಮ್ಮ ಇದೆ ಥರದ ಸಹಾಯಕ ಕ್ರಿಯಾಪದ ಯೆ ಕೊನೆಗೆ. ಒಂದು ಜರುಗಿದರೂ ಅಜ್ಜಿಯ ಕೈ ಮೇಲೆ. ಎಲ್ಲಿದೆಯಪ್ಪಾ ಫ್ರೀ?

ಈ ಸಣ್ಣವರ ಜಾಗ ಬಿಗಿಯಾಗಿರುವುದರಿಂದಲೇ ದೊಡ್ಡ ಪದಗಳ ಓಡಾಟಕ್ಕೆ ಅರ್ಥ ಬರುತ್ತದೆ. "ನಾ ಸ್ತೊಲು ಯೆ ಕ್ನಿಗಾ" ಅಂದರೆ ಮೇಜಿನ ಮೇಲೆ ಒಂದು ಪುಸ್ತಕ ಇದೆ. "ಕ್ನಿಗಾ ಯೆ ನಾ ಸ್ತೊಲು" ಅಂದರೆ ಪುಸ್ತಕ ಮೇಜಿನ ಮೇಲಿದೆ, ನೀನು ಹುಡುಕುತ್ತಿದ್ದೀಯಲ್ಲ, ಆ ಪುಸ್ತಕ. ಕನ್ನಡದಲ್ಲೂ ಥೇಟ್ ಹೀಗೇ ಅಲ್ವಾ? ಇಬ್ಬರಿಗೂ ಇಂಗ್ಲಿಷಿನವರ ಥರ ಎ, ದಿ ಅಂತ ಅಂಟಿಸುವ ಗೋಜಿಲ್ಲ, ಜಾಗದಲ್ಲೇ ಹೇಳಿಬಿಡುತ್ತೇವೆ. ಒತ್ತು ಕೊಡಲು ನಮಗೆ "ನಿನ್ನನ್ನೇ" ಅನ್ನುವ ಆ ಏಕಾರ ಇದೆ. ಅವರಿಗೆ ಅದಿಲ್ಲ. "ವೊಲಿಮ್ ತೆ" ಅಂದರೆ ಸುಮ್ನೆ ಪ್ರೀತಿಸುತ್ತೇನೆ ಅಂತ. "ತೆಬೆ ವೊಲಿಮ್" ಅಂದರೆ ನಿನ್ನನ್ನೇ, ಬೇರೆಯವರನ್ನಲ್ಲ ಅಂತ. ಪದ ಉದ್ದವಾಯಿತು, ಮುಂದಕ್ಕೆ ಬಂದು ಕೂತಿತು. ನಮ್ಮ ಏಕಾರ ಮಾಡುವ ಕೆಲಸದ ಬಹುಪಾಲನ್ನು ಅಲ್ಲಿ ಕುರ್ಚಿ ಮಾಡುತ್ತದೆ.

ಇಲ್ಲಿಯ ರಾಷ್ಟ್ರಗೀತೆ ನೋಡಿ. ಆಂತುನ್ ಮಿಹಾನೊವಿಚ್ ಬರೆದ ಪದ್ಯ, 1835ರಲ್ಲಿ "ದಾನಿತ್ಸಾ" ಪತ್ರಿಕೆಯಲ್ಲಿ ಬಂದಿದ್ದು. ಶುರುವಾಗುವುದು "ಲಿಯೇಪಾ ನಾಶಾ ದೊಮೊವಿನೊ" ಅಂತ. ಚಂದದ ನಮ್ಮ ತಾಯ್ನಾಡೇ. ಮಾಮೂಲು ಮಾತಿನಲ್ಲಿ "ನಾಶಾ ಲಿಯೇಪಾ", ನಮ್ಮ ಚಂದದ, ಅನ್ನುತ್ತಾರೆ. ಚಂದ ಮೊದಲು ಬಾಯಿಗೆ ಬಂದು, ಆಮೇಲೆ "ನಮ್ಮದು" ಅನ್ನೋದು ನೆನಪಾದ ಹಾಗಿದೆ. ಜನ ಎಷ್ಟು ಹಚ್ಚಿಕೊಂಡಿದ್ದಾರೆ ಅಂದರೆ ತಾಯ್ನಾಡು ಅನ್ನೋ ಪದವನ್ನೇ ಬಿಟ್ಟು ದೇಶವನ್ನೂ ಗೀತೆಯನ್ನೂ "ಲಿಯೇಪಾ ನಾಶಾ" ಅಂತಲೇ ಕರೆಯುತ್ತಾರೆ. ನಾವು ಇಲ್ಲಿಗೆ ಬಂದು ಇಳಿದಿದ್ದು 2018ರ ಜುಲೈನಲ್ಲಿ. ವಿಶ್ವಕಪ್ ಫೈನಲ್ ಸೋತು ಬಂದ ತಂಡವನ್ನು ನೋಡಲು ಜಾಗ್ರೆಬ್‌ನಲ್ಲಿ ಊರಿಗೆ ಊರೇ ಬೀದಿಗೆ ಬಂದಿತ್ತು. ಒಂದಕ್ಷರ ಗೊತ್ತಿಲ್ಲದ ನನ್ನ ಕಿವಿಗೂ ಈ ಎರಡು ಪದ ಬಿದ್ದು ಅಲ್ಲೇ ಉಳಿದವು. ಪದಗಳನ್ನು "ಸರಿಪಡಿಸಿ" ನಮ್ಮ ಚಂದದ ತಾಯ್ನಾಡು ಅಂತ ಮಾಡಿದ್ದರೆ? ಪ್ರವಾಸೋದ್ಯಮ ಇಲಾಖೆಯ ಬೋರ್ಡಿನ ಥರ ಕೇಳುತ್ತಿತ್ತು.

ಈಗ ನೀವು ಕೇಳುತ್ತೀರಿ, ಓದುಗರಿಗೆ ಅರ್ಥವಾಗಬೇಡವಾ ಅಂತ. ಪತ್ರಿಕೆಯವರದ್ದೂ ಅದೇ ಮಾತು, ಬೆಳಿಗ್ಗೆ ಫೋನಿನಲ್ಲಿ. "ಓದಿಸಿಕೊಂಡು ಹೋಗಬೇಕು ಮೇಡಂ." ಯಾಕೆ ಹೋಗಬೇಕು ಸರ್? ಒಂದು ಕ್ಷಣ ನಿಂತರೆ ಏನಾಗುತ್ತದೆ? "ಬಂತು ಮಳೆ" ಅಂದರೆ ಯಾರಿಗೆ ಅರ್ಥವಾಗಲ್ಲ? "ಸತ್ತೆ ನಾನು" ಅಂತ ನಮ್ಮಮ್ಮ ದಿನಕ್ಕೆ ನಾಲ್ಕು ಸಲ ಅನ್ನುತ್ತಾರೆ, ಕರ್ತೃ ಮೊದಲು ಬರಲಿ ಅಂತ ಕಾಯುವುದಿಲ್ಲ. ನಮಗೆ ವಿಭಕ್ತಿ ಇದೆ. ಯಾರು ಯಾರನ್ನು ಕರೆದರು ಅಂತ ತಿಳಿಯಲು ಇಂಗ್ಲಿಷಿನವರ ಹಾಗೆ ಸಾಲಾಗಿ ನಿಲ್ಲಿಸಬೇಕಾಗಿಲ್ಲ. ಅನುಕೂಲ ಇದ್ದೂ ಬಳಸುವುದಿಲ್ಲ ಅಂದರೆ ಬಾಗಿಲು ತೆಗೆದಿದ್ದರೂ ಕಿಟಕಿಯಿಂದ ಹಾರಿದ ಹಾಗೆ.

ಆದರೂ ಸುಳ್ಳು ಹೇಳಬಾರದು, ಎಲ್ಲವೂ ಕನ್ನಡಕ್ಕೆ ಬರಲ್ಲ. "ಮೊಯ್ ಬ್ರಾತ್ ಯೆ" ಅಂತ ಶುರುವಾಗುವ ವಾಕ್ಯವನ್ನು "ಮೊಯ್ ಯೆ ಬ್ರಾತ್" ಅಂತ ಒಡೆಯಬಹುದು. ನನ್ನ ಮತ್ತು ತಮ್ಮ, ಈ ಎರಡರ ಮಧ್ಯೆ ಆ ಚಿಳ್ಳೆ ಯೆ ತೂರಿಕೊಳ್ಳುತ್ತದೆ. ಹೀಗೆ ಒಡೆದರೆ ಬರಹಕ್ಕೆ ಸ್ವಲ್ಪ ಗತ್ತು. ವ್ಯಾಕರಣದವರು ಕೊಡುವ ಉದಾಹರಣೆಯಲ್ಲಂತೂ ಟಾಲ್‌ಸ್ಟಾಯ್ ಹೆಸರನ್ನೇ ಸೀಳುತ್ತಾರೆ, "ಲಾವ್ ಯೆ ತೊಲ್‌ಸ್ತೊಯ್" ಅಂತ. ಇದನ್ನು ಕನ್ನಡದಲ್ಲಿ ಏನು ಮಾಡುವುದು? ಏನೂ ಇಲ್ಲ. ಇಲ್ಲಿಯ ಸರ್ಕಾರಿ ಕಾಗದಗಳೂ ಗತ್ತಿಗಾಗಿ ಹೀಗೆ ಒಡೆಯುತ್ತವೆ, ಓದಿದರೆ ಇಸ್ತ್ರಿ ಜಾಸ್ತಿಯಾದ ಅಂಗಿ ಹಾಕಿಕೊಂಡ ಹಾಗಿರುತ್ತದೆ. ಅದು ಬರದೇ ಇದ್ದರೆ ನಷ್ಟವೂ ಇಲ್ಲ.

ಮತ್ತೆ, ಪದ ಅತ್ತಿತ್ತ ಮಾಡಿದ್ದೆಲ್ಲ ಕಲೆಯೂ ಅಲ್ಲ. ದುಬ್ರೊವ್‌ನಿಕ್‌ನ ಇವಾನ್ ಗುಂದುಲಿಚ್ 1628ರಲ್ಲಿ ಬರೆದ ನಾಟಕದಲ್ಲಿ ಸ್ವಾತಂತ್ರ್ಯವನ್ನು ಹೊಗಳುವ ಸಾಲುಗಳಿವೆ. ಇವತ್ತಿಗೂ ಅಲ್ಲಿಯ ಬೇಸಿಗೆ ಉತ್ಸವ ಶುರುವಾಗುವಾಗ ಹಾಡುತ್ತಾರೆ. ಅದರಲ್ಲಿ "ವಿಶ್ನ್ಯಿ ನಾಮ್ ಬೋಗ್ ಯೆ ದೊ" ಅಂತಿದೆ, ಮೇಲಿನ ದೇವರು ನಮಗೆ ಕೊಟ್ಟ ಅಂತ. ಒಟ್ಟಿಗೆ ಇರಬೇಕಾದ ನಾಮ್ ಒಂದು ಕಡೆ, ಯೆ ಇನ್ನೊಂದು ಕಡೆ. ಯಾಕೆ? "ಸ್ಲೊಬೊದೊ", ಅಂದರೆ ಸ್ವಾತಂತ್ರ್ಯವೇ, ಅನ್ನೋದಕ್ಕೆ "ದೊ" ಪ್ರಾಸ ಆಗಬೇಕು, ಮಾತ್ರೆ ಸರಿಹೋಗಬೇಕು. ಅಷ್ಟೇ ಅನ್ನಿಸುತ್ತದೆ ನನಗೆ. ಅಜ್ಜಿಗೆ ಹೀಗಂದೆ ಅಂತ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಗುಂದುಲಿಚ್ 50 ಕೂನಾ ನೋಟಿನ ಮೇಲಿದ್ದವನು, ಮಝುರಾನಿಚ್ 100ರ ನೋಟಿನ ಮೇಲೆ. 2023ರಲ್ಲಿ ಯೂರೊ ಬಂದು ಕೂನಾ ಹೋಯಿತು. ಆದರೆ ಅಜ್ಜಿ ಒಂದು 100ರ ನೋಟನ್ನು ಬ್ಯಾಂಕಿಗೆ ಕೊಡದೆ ಅಡುಗೆ ಪುಸ್ತಕದೊಳಗೆ ಇಟ್ಟಿದ್ದಾರೆ. ಮಝುರಾನಿಚ್ ಅಂದರೆ ಸಾಕು, ನಿಂತಲ್ಲೇ "ಸ್ಲೂಗೆ ಜೋವೆ" ಶುರು. ಶುರುವಿನ ಸಾಲುಗಳಿಗೆ ಎಂಟೆಂಟು ಅಕ್ಷರ, ಚಮಚದಲ್ಲಿ ಮೇಜು ಕುಟ್ಟುತ್ತಾ.

ಬರಲ್ಲ ಅಂದಾಗ ಬೇರೆ ದಾರಿ ಹುಡುಕಬೇಕು, ಕೈ ತೊಳೆದುಕೊಳ್ಳಬಾರದು. ಹಸನಾಗಿನಿತ್ಸಾ ಅಂತ ಒಂದು ಲಾವಣಿ ಇದೆ. ಇಟಲಿಯ ಫೋರ್ತಿಸ್ ಅನ್ನುವವನು 1774ರಲ್ಲಿ ಅಚ್ಚು ಹಾಕಿಸಿದ, ಗಯಟೆ ಜರ್ಮನ್‌ಗೆ ತಂದ. ಮೊದಲ ಸಾಲು "ಶ್ತೊ ಸೆ ಬಿಯೆಲಿ ಉ ಗೊರಿ ಜೆಲೆನೊಯ್". ಹಸಿರು ಬೆಟ್ಟದಲ್ಲಿ ಬೆಳ್ಳಗೆ ಹೊಳೆಯುತ್ತಿರುವುದು ಏನು ಅಂತ. ಮೂಲದಲ್ಲಿ ಬೆಟ್ಟ (ಗೊರಿ) ಮೊದಲು, ಹಸಿರು (ಜೆಲೆನೊಯ್) ಆಮೇಲೆ. ಅವರ ವಿಶೇಷಣಕ್ಕೂ ವಿಭಕ್ತಿ ಇರುವುದರಿಂದ ಅದು ನಾಮಪದದ ಹಿಂದೆ ಹೋಗಿ ನಿಂತರೂ ಕಳೆದುಹೋಗಲ್ಲ. ನಮ್ಮ "ಹಸಿರು" ಹಾಗೆ ಹಿಂದೆ ಹೋದರೆ ಅನಾಥ. ಎಷ್ಟೋ ದಿನ ಒದ್ದಾಡಿದೆ. ಕೊನೆಗೆ ನಮ್ಮ ಬೀಸೋ ಕಲ್ಲಿನ ಹಾಡುಗಳು ಮಾಡುವ ಹಾಗೆ ಮಾಡಿದೆ: "ಏನದು ಬೆಳ್ಳಗೆ ಗುಡ್ಡದಲ್ಲಿ, ಹಸಿರು ಗುಡ್ಡದಲ್ಲಿ?" ಪದ ಮರಳಿ ಬಂತು, ಹಸಿರು ತಡವಾಗಿ ಬಂತು. ಪ್ರೂಫ್‌ನಲ್ಲಿ ಈಗ ಇರುವುದು: "ಹಸಿರು ಗುಡ್ಡದಲ್ಲಿ ಬೆಳ್ಳಗೆ ಕಾಣುತ್ತಿರುವುದು ಏನು?" ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ "ಪುನರುಕ್ತಿ" ಅಂತ ಬೇರೆ.

ಗದ್ಯವನ್ನೂ ಬಿಟ್ಟಿಲ್ಲ. ಇಲ್ಲಿಯ ಲೇಖಕ ಕ್ರ್ಲೆಝಾ 1932ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು "ಸ್ವಿತಾಲೊ ಯೆ" ಅಂತ ಶುರುವಾಗುತ್ತದೆ. ಬೆಳಗಾಗುತ್ತಿತ್ತು. ಆಮೇಲೆ ಫಿಲಿಪ್ ರೈಲ್ವೆ ನಿಲ್ದಾಣಕ್ಕೆ ಬರುತ್ತಾನೆ. ಮೊದಲು ಬೆಳಕು, ನಂತರ ಮನುಷ್ಯ. ನಾನು "ಬೆಳಗಾಗುತ್ತಿತ್ತು, ಫಿಲಿಪ್ ಬಂದು ಇಳಿದಾಗ" ಅಂತ ಬರೆದಿದ್ದೆ. ಅವರು "ಫಿಲಿಪ್ ಬಂದು ಇಳಿದಾಗ ಬೆಳಗಾಗುತ್ತಿತ್ತು" ಮಾಡಿದ್ದಾರೆ. ಈಗ ಫಿಲಿಪ್ ಮೊದಲು ಇಳಿದು ನಿಲ್ದಾಣದಲ್ಲಿ ಬೆಳಕಿಗೆ ಕಾಯುತ್ತಾ ಕೂತಿದ್ದಾನೆ, ಪಾಪ.

ಒಂದು ವಿಷಯ ಹೇಳಿಬಿಡುತ್ತೇನೆ, ಹೇಳದಿದ್ದರೆ ರಾತ್ರಿ ನಿದ್ದೆ ಬರಲ್ಲ. ಸಿಟ್ಟಿನಲ್ಲಿ ನನ್ನ ಹಳೇ ನೋಟ್‌ಬುಕ್ ತೆಗೆದು ನೋಡಿದೆ, ಸಾಕ್ಷಿಗೆ ಅಂತ. ಮೊದಲ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ: "ಸ್ಮಾಯಿಲ್ ಆಗಾ ತನ್ನ ಸೇವಕರನ್ನು ಕರೆಯುತ್ತಾನೆ." ಸೇವಕರು ಕೂಡ ನನ್ನವರೇ. ಇಂಗ್ಲಿಷ್ ಅನುವಾದ ಪಕ್ಕದಲ್ಲಿ ಇಟ್ಟುಕೊಂಡು ಬರೆದ ದಿನಗಳು ಅವು. ಐದು ನಿಮಿಷ ಸುಮ್ಮನೆ ಕೂತಿದ್ದೆ. ಎರಡನೇ ಕಾಫಿ ಆರಿದ್ದು ಆಗಲೇ.

ಆದರೆ ನಾನು ಅಲ್ಲಿಂದ ಹೊರಗೆ ಬರಲು ಪಟ್ಟ ಪಾಡು ನನಗೆ ಗೊತ್ತು. ವಾಪಸ್ ಹೋಗೋದಿಲ್ಲ. ಪತ್ರಿಕೆಯವರಿಗೆ ಮೇಲ್ ಬರೆದಿಟ್ಟಿದ್ದೇನೆ, ಸಂಜೆ ಇವರು ಬಂದು ಒಮ್ಮೆ ಓದಿ "ಸ್ವಲ್ಪ ಮೆತ್ತಗೆ ಬರಿ ಮಾರಾಯ್ತಿ" ಅಂದ ಮೇಲೆ ಮೆತ್ತಗೆ ಮಾಡದೆ ಕಳಿಸುತ್ತೇನೆ. ಮೊದಲ ಸಾಲು ಇದು: "ಒಪ್ಪಲಾರೆ ಸರ್, ಈ ತಿದ್ದುಪಡಿಗಳನ್ನು." ಅದನ್ನೂ ತಿದ್ದಿ ವಾಪಸ್ ಕಳಿಸಿದರೆ ನಿಮಗೆಲ್ಲ ಇಲ್ಲೇ ತಿಳಿಸುತ್ತೇನೆ.