12345654321ನ್ನು ಬಾಯಿಪಾಠ ಮಾಡಿಸಬೇಡಿ

ಪಕ್ಕದ ಮನೆಯ ಹುಡುಗನ ಕೋಚಿಂಗ್ ಪುಸ್ತಕ ಈಗಷ್ಟೇ ನೋಡಿದೆ. ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ಅಚ್ಚಾಗಿದೆ: 111111ರ ವರ್ಗ 12345654321, ನೆನಪಿಡಿ. "ಯಾಕೆ ಹೀಗೆ ಬರುತ್ತದೆ ಎಂದು ಕೇಳಿದೆ ಆಂಟಿ, ಪರೀಕ್ಷೆಗೆ ಬೇಕಿಲ್ಲ ಎಂದರು" ಎಂದ. ಹೇಳುವಾಗ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ್ದ. ಮೈ ಉರಿದುಹೋಯಿತು. ನನ್ನನ್ನು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ.

ಈ ಸಂಖ್ಯೆಗೂ ನಮ್ಮ ನೆಲಕ್ಕೂ ಸಾವಿರ ವರ್ಷ ಮೀರಿದ ನಂಟು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಕೊರಳಹಾರದಂತೆ ಪೋಣಿಸಿಟ್ಟರು. 27994681ನ್ನು 441ರಿಂದ ಗುಣಿಸಿ, ಇದೇ ಸಂಖ್ಯೆ ಬರುತ್ತದೆ. ಈಗ ಆ ಎರಡನ್ನೂ ಬಿಡಿಸಿ ನೋಡಿ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111! ಎಂಥ ಸೊಗಸು! ಇದನ್ನು ಮಕ್ಕಳಿಂದ ಮುಚ್ಚಿಡಲು ಮನಸ್ಸಾದರೂ ಹೇಗೆ ಬರುತ್ತದೆ?

ಕಾರಣವೇನು ದೊಡ್ಡ ಗುಟ್ಟೇ? 111111ರ ಕೆಳಗೆ 111111 ಬರೆದು ಗುಣಿಸಿ. ಆರು ಸಾಲು, ಒಂದೊಂದೂ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿಕೆ. ಯಾವ ಮೊತ್ತವೂ ಒಂಬತ್ತನ್ನು ದಾಟುವುದಿಲ್ಲ, ಹಾಗಾಗಿ ದಶಕ ಒಯ್ಯುವ ಮಾತೇ ಇಲ್ಲ. ಅಷ್ಟೇ! ಐದನೆಯ ತರಗತಿಯ ಗುಣಾಕಾರ.

ಇನ್ನೂ ಇದೆ. 3, 7, 11, 13, 37, ಈ ಐದು ಅವಿಭಾಜ್ಯಗಳ ವರ್ಗಗಳನ್ನು ಗುಣಿಸಿದರೂ ಇದೇ ಸಂಖ್ಯೆ. ಅದಕ್ಕೆ 243 ಭಾಜಕಗಳು. ಎಲ್ಲವೂ ಜೋಡಿ ಜೋಡಿ, 111111ಕ್ಕೆ ಮಾತ್ರ ತಾನೇ ಜೊತೆ.

"ಪರೀಕ್ಷೆಯಲ್ಲಿ ಸಮಯ ಎಲ್ಲಿದೆ ಮೇಡಂ?" ಎಂದು ಕೆಲವರು ಬರುತ್ತೀರಿ. ಪರೀಕ್ಷಾ ಕೊಠಡಿಯಲ್ಲಿ ಇಲ್ಲ, ಒಪ್ಪಿದೆ. ವರ್ಷವಿಡೀ ನಡೆಯುವ ತರಗತಿಯಲ್ಲೂ ಇಲ್ಲವೇ? ಕೈತುಂಬ ಶುಲ್ಕ ಪಡೆದು, ಮಗು ಕೇಳಿದ 'ಯಾಕೆ'ಗೆ ಐದು ನಿಮಿಷ ಕೊಡಲಾರದವರು ಕಲಿಸುವುದಾದರೂ ಏನನ್ನು?

ಬಾಯಿಪಾಠದ ಬಂಡವಾಳ ಒಂಬತ್ತು ಒಂದುಗಳವರೆಗೆ ಮಾತ್ರ. 111111111ರ ವರ್ಗ 12345678987654321, ಸರಿ. ಇನ್ನೊಂದು 1 ಸೇರಿಸಿದರೆ ಉತ್ತರ 1234567900987654321. ನಡುವಿನ ಕಂಬಸಾಲು ಹತ್ತಾಯಿತು, ದಶಕ ಎಡಕ್ಕೆ ಹೋಯಿತು, ಏರಿಕೆಯಲ್ಲಿದ್ದ 8 ಕಾಣೆ! ಕಾರಣ ಬಲ್ಲ ಮಗು ಇದನ್ನು ತಾನೇ ಪತ್ತೆಹಚ್ಚುತ್ತದೆ.

ಮೇಷ್ಟರುಗಳೇ, ಮೇಡಂಗಳೇ, ಕೈಮುಗಿದು ಕೇಳುತ್ತೇನೆ. ಸೋಮವಾರ ತರಗತಿಯಲ್ಲಿ ಆ 8 ಎಲ್ಲಿ ಹೋಯಿತು ಎಂದು ಕೇಳಿ. ಗದ್ದಲವಾಗಲಿ, ಪಾಠ ಒಂದು ದಿನ ಹಿಂದೆ ಬೀಳಲಿ.