ಕೂಗದ ಕುಕ್ಕರ್

ಕುಕ್ಕರ್ ಎಂದರೆ ಕೂಗಬೇಕು. ನಮ್ಮ ಮನೆಯಲ್ಲಿ ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು, ಭಾನುವಾರ ಚರ್ಚಿನಿಂದ ಬಂದ ಮೇಲೆ ಮಾಡುವ ದನದ ಮಾಂಸಕ್ಕೆ ಎಂಟು. ಅಪ್ಪ ಪೇಪರಿನಿಂದ ತಲೆ ಎತ್ತದೆಯೇ ಎಣಿಸುತ್ತಾರೆ. ಎಂಟನೆಯದು ಕೂಗಿದ ಕೂಡಲೇ ಕನ್ನಡಕ ತೆಗೆದಿಟ್ಟು ಕೈ ತೊಳೆಯಲು ಏಳುತ್ತಾರೆ. ಅಂಥ ಮನೆಯಲ್ಲಿ ಬೆಳೆದ ನಾನು ಶಿಕಾಗೊದ ಚಳಿಗಾಲದ ಒಂದು ಶನಿವಾರ, ವಿದ್ಯುತ್ತಿನ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಎಂಬ ಮೂಕಪ್ರಾಣಿಯ ಎದುರು ಕುಳಿತೆ. ಒಳಗಿದ್ದದ್ದೂ ಮೂಕಪ್ರಾಣಿಯೇ ಎಂಬುದು ಬೇರೆ ಮಾತು.

ಹೆಂಡತಿಯ ಸಹೋದ್ಯೋಗಿಗಳು ಉಡುಗೊರೆಯಾಗಿ ಕೊಟ್ಟ ಈ ಕುಕ್ಕರ್ ಮೂರು ವರ್ಷ ಫ್ರಿಜ್ಜಿನ ನೆತ್ತಿಯ ಮೇಲೆ, ಪೆಟ್ಟಿಗೆಯೊಳಗೇ ತಪಸ್ಸು ಮಾಡಿತ್ತು. ಆ ದಿನ ಅವಳಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ. ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟುತ್ತದೆ. ಇಟಲಿಯವರ ಬೀಫ್ ಸ್ಟ್ಯೂ ಮಾಡುತ್ತೇನೆ, ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಸಂಜೆ ಏಳಕ್ಕೆ ಸಿದ್ಧ, ನಾನು ಉಂಡು ನಿನಗೂ ಎತ್ತಿಡುತ್ತೇನೆ ಎಂದೆ. ಅವಳು ಏನೂ ಹೇಳದೆ ನಕ್ಕಳು. ಆ ನಗುವನ್ನು ನಾನು ಸರಿಯಾಗಿ ಓದಬೇಕಿತ್ತು.

ಮೊದಲ ಎಡವಟ್ಟು ಅಂಗಡಿಯಲ್ಲೇ ಆಯಿತು. "ಇಟಾಲಿಯನ್ ಬೀಫ್ ಬೇಕು" ಎಂದೆ. ಕೌಂಟರಿನವನು ಕಣ್ಣು ಮಿಟುಕಿಸದೆ, "ಖಾರದ್ದೋ ಸಿಹಿಯದೋ? ಅದ್ದಿ ಕೊಡಲೋ?" ಎಂದ. ಶಿಕಾಗೊದಲ್ಲಿ ಆ ಹೆಸರಿಗೆ ಒಂದೇ ಅರ್ಥ. ಒಲೆಯಲ್ಲಿ ಹುರಿದ ಬೀಫನ್ನು ಕಾಗದದಷ್ಟು ತೆಳುವಾಗಿ ಕೊಯ್ದು, ಅದರದೇ ರಸದಲ್ಲಿ ನೆನೆಸಿ, ಉದ್ದನೆಯ ಬ್ರೆಡ್ಡಿನೊಳಗೆ ತುರುಕಿದ ಸ್ಯಾಂಡ್‌ವಿಚ್ ಅದು. ಖಾರವೆಂದರೆ ಜಾರ್ಡಿನೇರಾ, ಅಂದರೆ ಎಣ್ಣೆಯಲ್ಲಿ ನೆನೆದ ಮೆಣಸಿನಕಾಯಿ, ತರಕಾರಿಗಳ ಉಪ್ಪಿನಕಾಯಿ. ಸಿಹಿಯೆಂದರೆ ಬೇಯಿಸಿದ ದಪ್ಪ ಮೆಣಸಿನಕಾಯಿ. ಅದ್ದುವುದೆಂದರೆ ಬ್ರೆಡ್ಡು ಸಮೇತ ರಸದಲ್ಲಿ ಮುಳುಗಿಸಿ ಎತ್ತುವುದು. ತೊಟ್ಟಿಕ್ಕುವ ಅದನ್ನು ಮೊಣಕೈಗಳನ್ನು ಕಟ್ಟೆಗೆ ಊರಿ, ಅಂಗಿಯನ್ನು ಹಿಂದಕ್ಕಿಟ್ಟು, ಬಗ್ಗಿಯೇ ತಿನ್ನಬೇಕು. ತಪ್ಪು ತಿಳಿಯಿತು ಎಂದು ಹೇಳಲು ನಾಚಿಕೆಯಾಗಿ, ಖಾರದ್ದನ್ನೇ ಅದ್ದಿಸಿಕೊಂಡು ತಿಂದೆ. ಕೈ ಒರೆಸಿಕೊಂಡ ಮೇಲೆ, ಈಗಷ್ಟೇ ಬಂದವನಂತೆ ಇನ್ನೊಂದು ತುದಿಗೆ ಹೋಗಿ ಚಕ್ ಎಂಬ ಹೆಗಲ ಭಾಗದ ಮಾಂಸ ಮೂರು ಪೌಂಡ್ ಕೇಳಿದೆ.

ಹಾಗೆ ನೋಡಿದರೆ ಚಕ್ ಗಟ್ಟಿ ಮಾಂಸ, ಅಗ್ಗದ್ದು. ದುಡಿದ ಸ್ನಾಯು, ಒಳಗೆಲ್ಲ ನಾರು. ಆ ನಾರು ನಿಧಾನವಾಗಿ ಕರಗಿ ಜಿಲೆಟಿನ್ ಆಗುವವರೆಗೆ ಕಾದರೆ ಮಾಂಸ ಬೆಣ್ಣೆ. ಕಾಯದಿದ್ದರೆ ಏನೆಂಬುದನ್ನು ಸಂಜೆ ಏಳಕ್ಕೆ ಹೇಳುತ್ತೇನೆ.

ಸ್ಲೋ ಕುಕ್ಕರಿನಲ್ಲಿ ಎಲ್ಲವೂ ತೇವದ ಸಣ್ಣ ಕಾವಿನಲ್ಲಿ ಬೇಯುವುದರಿಂದ ಮಾಂಸ ಕೆಂಪಗೆ ಹುರಿಯುವುದಿಲ್ಲ. ಆ ಕೆಲಸವನ್ನು ಮೊದಲು ಬಾಣಲೆಯಲ್ಲಿ ಮುಗಿಸಬೇಕು. ನಾನು ಹುರಿಯುತ್ತಿರುವಾಗ ಊರಿನಲ್ಲಿ ರಾತ್ರಿ ಹತ್ತೂವರೆ. ಮಲಗುವ ಮುಂಚೆ ಅಮ್ಮನ ಫೋನು.

"ಮೂಳೆ ಹಾಕಿಸಿಕೊಂಡೆಯೇನೋ?"

"ಇಲ್ಲಮ್ಮ, ಇದು ಬರೀ ಮಾಂಸ."

"ಮೂಳೆ ಇಲ್ಲದ ಸಾರು ಯಾವ ಸೀಮೆಯದು? ಹೋಗಲಿ, ಎಷ್ಟು ಕೂಗು?"

"ಇದು ಕೂಗುವುದಿಲ್ಲಮ್ಮ. ಎಂಟು ಗಂಟೆ ಬೇಯುತ್ತದೆ."

ಅತ್ತ ಕಡೆ ಮೌನ. ಅಷ್ಟರಲ್ಲಿ ಬಾಣಲೆಯ ಹೊಗೆ ಚಾವಣಿಗೆ ಮುಟ್ಟಿ, ಹೊಗೆ ಅಲಾರಂ ಇಡೀ ಕಟ್ಟಡ ಬೆಚ್ಚುವಂತೆ ಚೀರತೊಡಗಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದರೆ, ಫೋನಿನಿಂದ ಅಮ್ಮನ ನೆಮ್ಮದಿಯ ದನಿ: "ಸುಳ್ಳು ಹೇಳುತ್ತೀಯಲ್ಲ, ಒಂದು ಕೂಗು ಆಯಿತು. ಇನ್ನು ಉರಿ ಸಣ್ಣ ಮಾಡು."

ಈರುಳ್ಳಿ, ಸೆಲರಿ, ಕ್ಯಾರೆಟ್, ಡಬ್ಬಿಯ ಟೊಮೇಟೊ, ರೋಸ್‌ಮರಿ, ಪಲಾವ್ ಎಲೆ ಎಲ್ಲ ಬಿದ್ದವು. ಕೆಂಪು ವೈನ್ ಮಾಂಸಕ್ಕೆ ಒಂದು ಲೋಟ. ಉಳಿದದ್ದು ಕಾಯುವವನಿಗೆ ಎಂದು ಎಲ್ಲೂ ಬರೆದಿರಲಿಲ್ಲ, ನಾನೇ ಊಹಿಸಿಕೊಂಡೆ. ಪ್ರೆಶರ್ ಕುಕ್ಕರಿನ ಅಭ್ಯಾಸಬಲದಿಂದ ಎರಡು ಲೋಟ ನೀರನ್ನೂ ಸುರಿದೆ. ಈ ಪಾತ್ರೆಯಿಂದ ಆವಿಯಾಗಿ ಹೋಗುವುದು ಅತ್ಯಲ್ಪವೆಂದೂ, ಸುರಿದದ್ದೆಲ್ಲ ಸಂಜೆ ಹಾಗೆಯೇ ಕಾದಿರುತ್ತದೆಂದೂ ಗೊತ್ತಿರಲಿಲ್ಲ. ಗುಂಡಿಯನ್ನು 'ಲೋ'ಗೆ ತಿರುಗಿಸಿದೆ.

ಅಲ್ಲಿಂದ ಶುರು ನೋಡಿ ನನ್ನ ಕಷ್ಟ. ಸದ್ದಿಲ್ಲ, ಹಬೆಯಿಲ್ಲ. ಕುಕ್ಕರು ಕೂಗಿದರೆ ಕೆಲಸ ನಡೆಯುತ್ತಿದೆ ಎಂದು ನಂಬಬಹುದು. ಇದು ಸರ್ಕಾರಿ ಕಡತದಂತೆ ಕುಳಿತಿತ್ತು. ವಿದ್ಯುತ್ತು ಬರುತ್ತಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದೆ. ಉಪ್ಪು ನೋಡಲು ತೆಗೆದೆ. ಉಪ್ಪು ಹಾಕಲು ತೆಗೆದೆ. ಹಾಕಿದ ಉಪ್ಪು ಕರಗಿತೇ ಎಂದು ತೆಗೆದೆ. ಮೂರು ಗಂಟೆಗೆ ಟೊಮೇಟೊ, ರೋಸ್‌ಮರಿಗಳ ಪರಿಮಳ ಎದ್ದಾಗ, ಸುಮ್ಮನೆ ಮೂಗಿನ ಸಮಾಧಾನಕ್ಕೆ ತೆಗೆದೆ.

ನಡುವೆ ಹೊತ್ತು ಕಳೆಯಲು ಈ ಯಂತ್ರದ ಹುಟ್ಟನ್ನು ಹುಡುಕಿದೆ. ಇರ್ವಿಂಗ್ ನ್ಯಾಕ್ಸನ್ ಎಂಬಾತ ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದನಂತೆ, ಅದೂ ಇದೇ ಶಿಕಾಗೊದಲ್ಲಿ. ಲಿಥುವೇನಿಯಾದಲ್ಲಿ ಅವನ ಅಜ್ಜಿ ಮಾಡುತ್ತಿದ್ದ ಚೋಲೆಂಟ್ ಎಂಬ ಯಹೂದಿ ಅಡುಗೆಯ ಕಥೆಯನ್ನು ಅಮ್ಮನ ಬಾಯಲ್ಲಿ ಕೇಳಿದ್ದನಂತೆ. ಯಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಮಡಕೆಯನ್ನು ಬೇಕರಿಗೆ ಒಯ್ದು, ಆರುತ್ತಿರುವ ಒಲೆಯ ಕಾವಿನಲ್ಲಿ ಇಟ್ಟು ಬರುವುದು. 1971ರಲ್ಲಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ನ್ಯಾಕ್ಸನ್ನನ ಯಂತ್ರ ಮನೆಮನೆಗೆ ಬಂತು. ನನ್ನ ಅಜ್ಜಿಯೂ ಕೆಂಡದ ಮೇಲೆ ಹಾಲಿನ ಮಡಕೆ ಇಡುತ್ತಿದ್ದಳು, ಸಂಜೆಯ ಹೊತ್ತಿಗೆ ಕೆಂಪಗೆ ಕೆನೆಗಟ್ಟುತ್ತಿತ್ತು. ಪೇಟೆಂಟ್ ವಿಚಾರ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನ್ಯಾಕ್ಸನ್ನನ ಅಜ್ಜಿಗೆ ಒಂದು ಅನುಕೂಲವಿತ್ತು: ಮಡಕೆ ಬೇಕರಿಯಲ್ಲಿತ್ತು, ಮುಚ್ಚಳ ತೆಗೆದು ನೋಡುವಂತಿರಲಿಲ್ಲ.

ಏಳು ಗಂಟೆ. ತಟ್ಟೆ, ಚಮಚ, ಹಸಿವು ಸಿದ್ಧ. ಒಂದು ತುಂಡು ಬಾಯಿಗಿಟ್ಟೆ. ಅಗಿದೆ. ಕಿಟಕಿಯಾಚೆ ಹಿಮ ಬೀಳುವುದನ್ನು ನೋಡುತ್ತ ಇನ್ನೂ ಅಗಿದೆ. ಹಲ್ಲಿಗೆ ಸಿಕ್ಕಿದ್ದು ಬಾಟಾ ಚಪ್ಪಲಿಯ ಹಿಮ್ಮಡಿ. ಆಗ ಪೆಟ್ಟಿಗೆಯ ತಳದಿಂದ ಕೈಪಿಡಿಯನ್ನು ಹೊರತೆಗೆದು ಓದಿದೆ. ಒಮ್ಮೆ ಮುಚ್ಚಳ ತೆಗೆದರೆ ಬೇಯುವ ಹೊತ್ತಿಗೆ ಇಪ್ಪತ್ತು ನಿಮಿಷ ಸೇರಿಸಿ, ಎಂದಿತ್ತು. ಈ ಪಾತ್ರೆ ಎಳೆಯುವ ವಿದ್ಯುತ್ತೇ ಕಡಿಮೆ. ಹಾರಿಹೋದ ಬಿಸಿಯನ್ನು ಮತ್ತೆ ಕೂಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಬೆರಳು ಮಡಚಿ ಲೆಕ್ಕ ಹಾಕಿದೆ. ನಾನು ತೆಗೆದದ್ದು ಹನ್ನೆರಡು ಸಲ. ಅಂದರೆ ನಾಲ್ಕು ಗಂಟೆ. ಹಿಂದೆ ನಮ್ಮ ಬೀದಿಯ ಬಾಗಿಲುಗಳ ಮೇಲೆ ದೆವ್ವಕ್ಕಾಗಿ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ಈ ಕುಕ್ಕರಿನ ಗಾಜಿನ ಮುಚ್ಚಳದ ಮೇಲೂ ಅದೇ ಬರೆದಂತೆ ಕಂಡಿತು. ದೆವ್ವ ಮಾತ್ರ ನಾನು.

ಮುಚ್ಚಳದ ಮೇಲೆ ನಿಘಂಟು ಹೇರಿ, ಸೋಫಾದಲ್ಲಿ ಬಿದ್ದುಕೊಂಡು ಉಳಿದ ವೈನಿನ ವಿಚಾರ ನೋಡಿಕೊಂಡೆ. ಹತ್ತೂವರೆಗೆ ಎದ್ದು ಪೊಲೆಂಟಾ ತಿರುವಿದೆ. ಇಡೀ ದಿನದಲ್ಲಿ ಎಡವದೆ ಮಾಡಿದ ಕೆಲಸ ಅದೊಂದೇ. ಪೊಲೆಂಟಾದ ಮೆಕ್ಕೆಜೋಳದ ರವೆಯನ್ನು ಗಂಟಿಲ್ಲದೆ ತಿರುವುವುದನ್ನು ಮುದ್ದೆ ತಿರುವಿದ ಕೈಗೆ ಯಾವ ಇಟಲಿಯವನೂ ಕಲಿಸಬೇಕಿಲ್ಲ.

ಹನ್ನೊಂದಕ್ಕೆ ನಿಘಂಟು ಸರಿಸಿದೆ. ಚಮಚ ತಾಗಿದ್ದೇ ತಡ, ಮಾಂಸ ಎಳೆ ಎಳೆಯಾಗಿ ಬಿಟ್ಟಿತು. ರಸ ಮಾತ್ರ ನನ್ನ ಎರಡು ಲೋಟದ ಕೃಪೆಯಿಂದ ತಿಳಿಸಾರು. ಮಾಂಸದ ಮೇಲೆ ಹರಡಿದ್ದ ಕ್ಯಾರೆಟ್ ಇನ್ನೂ ಕಟಕಟ ಎನ್ನುತ್ತಿತ್ತು. ತರಕಾರಿ ತಳದಲ್ಲಿರಬೇಕು ಎಂಬುದೂ ಕೈಪಿಡಿಯಲ್ಲಿತ್ತು. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಹೆಂಡತಿ ಕೋಟಿನ ಹಿಮ ಕೊಡವುತ್ತ, "ಇಷ್ಟು ಹೊತ್ತು ನನಗೋಸ್ಕರ ಊಟ ಮಾಡದೆ ಕಾದಿರಾ?" ಎಂದಳು. ದನಿಯಲ್ಲಿ ಅಪರೂಪದ ಮೆಚ್ಚುಗೆ. ನಾನು ತಿದ್ದಲು ಹೋಗಲಿಲ್ಲ.

ಬಡಿಸುವಾಗ ಮತ್ತೆ ಅಮ್ಮನ ಫೋನು. ಅಲ್ಲಿ ಭಾನುವಾರ ಬೆಳಿಗ್ಗೆ, ಚರ್ಚಿನಿಂದ ಬಂದಾಗಿತ್ತು. ಎಳೆ ಬಿಡುವಂತೆ ಬೆಂದಿದೆ ಎಂದು ಹೇಳಿದೆ.

"ಹನ್ನೆರಡು ಗಂಟೆ ಬೇಯಿಸಿದರೆ ಚಪ್ಪಲಿಯೂ ಬೇಯುತ್ತದೆ" ಎಂದಳು.

ಅವಳ ಹಿಂದೆ ಕುಕ್ಕರ್ ಕೂಗಿತು. ದೂರದಿಂದ ಅಪ್ಪ, "ಏಳು" ಎಂದರು. ನಾನು ಚಮಚ ಕೆಳಗಿಟ್ಟೆ. ಹೆಂಡತಿ ನನ್ನ ಮುಖ ನೋಡಿದಳು. ಇನ್ನೊಂದು ಕೂಗಿದ ಮೇಲೆ ಕೈ ತೊಳೆಯಲು ಎದ್ದೆ.