ಸಹಿ ಹಾಕಿದ್ದು ಡಬ್ಬಕ್ಕೆ

ಬೆಳಿಗ್ಗೆ ಹನ್ನೊಂದಕ್ಕೆ ಶೋರೂಮಿಗೆ ಹೋಗಿ ಬಂದವಳು, ಸಂಜೆ ಆರಾದರೂ ಸಿಟ್ಟು ಇಳಿದಿಲ್ಲ. ಮನೆಯಲ್ಲಿ ಯಾರ ಮೇಲೂ ರೇಗುವುದು ಬೇಡ ಅಂತ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಓದಿ.

ನಮ್ಮ ಬಚ್ಚಲುಮನೆ ಒಡೆಸಿ ಕಟ್ಟಿಸಿದ ಪಾಡು ನಿಮಗೆಲ್ಲ ಗೊತ್ತೇ ಇದೆ. ಮೇ ತಿಂಗಳೊಳಗೆ ಮುಗಿಸಿಕೊಡ್ತೀನಿ ಅಂದ ಮೇಸ್ತ್ರಿ ನಾಪತ್ತೆ ಆದ, ಅಷ್ಟರಲ್ಲಿ ನಮ್ಮೂರು ಸಾಗರದ ಮಳೆ ಹಿಡಿಯಿತು, ನಲ್ಲಿ ನೀರು ಬಂದದ್ದು ದೀಪಾವಳಿ ಕಳೆದ ಮೇಲೆ. ಯುಗಾದಿ ಆಫರಿನಲ್ಲಿ ಅಮ್ಮನಿಗೆಂದು ತೆಗೆದ ವಾಷಿಂಗ್ ಮಷಿನ್, 34,500 ರೂಪಾಯಿಯದ್ದು, ಅಲ್ಲಿಯವರೆಗೆ ನಡುಮನೆಯ ಮೂಲೆಯಲ್ಲೇ ಇತ್ತು. ಡಬ್ಬ ಬಿಚ್ಚಿರಲಿಲ್ಲ. ಇಳಿಸಿದ ಜಾಗದಿಂದ ಒಂದಡಿ ಸರಿಸಿಯೂ ಇರಲಿಲ್ಲ. ಏಳು ತಿಂಗಳು.

ಯಾಕೆ ಬಿಚ್ಚಲಿಲ್ಲ ಅಂತ ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ. ತಂದಿಳಿಸಿದ ದಿನ ನಾನೇ ಕತ್ತರಿ ಹಿಡಿದು ನಿಂತಿದ್ದೆ. "ಬೇಡ ಅಕ್ಕಾ, ಕಂಪನಿ ಹುಡುಗ ಬಂದೇ ಬಿಚ್ಚಬೇಕು, ನೀವು ಬಿಚ್ಚಿದ್ರೆ ವಾರಂಟಿ ಹೋಗ್ತದೆ" ಅಂದರು ತಂದವರು. ಡಬ್ಬದ ಮೇಲೂ ಅದೇ ಅರ್ಥದ ಸ್ಟಿಕ್ಕರ್ ಇತ್ತು. ಆಮೇಲೆ ಒಂದು ಚೀಟಿ ಚಾಚಿ ಸಹಿ ಮಾಡಿಸಿಕೊಂಡರು: ಸರಕು ಸುಸ್ಥಿತಿಯಲ್ಲಿ ತಲುಪಿದೆ.

ಈಗ ಹೇಳಿ. ಬಿಚ್ಚಿ ನೋಡಬೇಡ ಅಂದವರೂ ಅವರೇ, ಒಳಗಿರುವುದು ಸರಿಯಾಗಿದೆ ಅಂತ ಬರೆಸಿಕೊಂಡವರೂ ಅವರೇ. ನಾನು ನೋಡಿದ್ದು ನಾಲ್ಕು ಮೂಲೆ ನೆಟ್ಟಗಿದ್ದ ಒಂದು ರಟ್ಟಿನ ಡಬ್ಬ. ಸಹಿ ಹಾಕಿದ್ದು ಆ ಡಬ್ಬಕ್ಕೆ.

ಮೊನ್ನೆ ಕಂಪನಿ ಹುಡುಗ ಬಂದ. ಅವನೇ ಬಿಚ್ಚಿದ, ನಾನು ಪಕ್ಕದಲ್ಲೇ ಇದ್ದೆ. ಅಡಿಯ ಥರ್ಮಾಕೋಲ್ ಎರಡು ಹೋಳಾಗಿತ್ತು. ಮುಂದಿನಿಂದ ಬಟ್ಟೆ ಹಾಕುವ ಈ ಮಷಿನ್ನುಗಳಲ್ಲಿ ಸಾಗಿಸುವಾಗ ಒಳಗಿನ ಡ್ರಮ್ ಅಲುಗಾಡದಿರಲಿ ಅಂತ ಹಿಂಭಾಗದಲ್ಲಿ ಉದ್ದನೆಯ ಬೋಲ್ಟು ಹಾಕಿರುತ್ತಾರೆ, ಕೂರಿಸುವಾಗ ಅವನ್ನು ತೆಗೆಯಬೇಕು. ನಮ್ಮದರಲ್ಲಿ ನಾಲ್ಕೂ ಬಿಗಿಯಾಗೇ ಇದ್ದವು. ತೆಗೆದು, ಪೈಪು ಕೊಟ್ಟು, ಖಾಲಿ ತಿರುಗಿಸಿದ. ಜೋರು ಹಿಡಿಯುತ್ತಿದ್ದಂತೆ ಧಡ್ ಧಡ್ ಅಂತ ಇಡೀ ಮಷಿನ್ನೇ ನಡೆಯಲು ಶುರುವಾಯಿತು. ಮೇಲಿನ ಮುಚ್ಚಳ ಬಿಚ್ಚಿ ನೋಡಿದರೆ, ಡ್ರಮ್ ಕುಣಿಯದಂತೆ ಭಾರಕ್ಕೆ ಇಟ್ಟಿರುತ್ತಾರಲ್ಲ ಕಾಂಕ್ರೀಟ್ ತುಂಡು, ಅದು ನಡುವೆ ಸೀಳಿ ಹೋಗಿತ್ತು. ಕೆಳಗೆಲ್ಲ ಬೂದು ಬಣ್ಣದ ಪುಡಿ, ಬಟಾಣಿ ಗಾತ್ರದ ಚೂರು. ಎಲ್ಲೋ ಗಾಡಿಗೆ ಏರಿಸುವಾಗಲೋ ಇಳಿಸುವಾಗಲೋ ಎತ್ತರದಿಂದ ಕೈಬಿಟ್ಟಿದ್ದಾರೆ.

ಆಗ ನಾನು ಮಾಡಬಾರದ್ದು ಮಾಡಿದೆ. ಆ ಹುಡುಗನ ಮೇಲೆ ಕೂಗಾಡಿದೆ. ನೀವೆಲ್ಲ ಕಳ್ಳರು ಅಂತಲೂ ಅಂದೆ. ಅವನು ತಲೆ ಎತ್ತದೆ, "ಅಕ್ಕಾ, ನಾನು ಕಂಡಿದ್ದನ್ನ ಬರೀತೀನಿ" ಅಂದವನು ಜಾಬ್ ಶೀಟಿನಲ್ಲಿ ಬರೆದ: ಬೋಲ್ಟು ನಾಲ್ಕೂ ಇದ್ದವು, ಒಳಗಿನ ಕಾಂಕ್ರೀಟ್ ಒಡೆದಿದೆ. ಇವತ್ತು ನನ್ನ ಕೈಯಲ್ಲಿರುವ ದೊಡ್ಡ ಸಾಕ್ಷಿ ಅದೇ ಹಾಳೆ. ಸಂಜೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆದರೂ ಆ ಮಾತು ಆಡಿದ್ದಕ್ಕೆ ಇವತ್ತಿಗೂ ಸಂಕಟ ಇದೆ.

ಶೋರೂಮಿನ ಮ್ಯಾನೇಜರು ಆ ಹಾಳೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಬಿಲ್ಲಿನ ತಾರೀಖು ನೋಡಿದರು. "ಏಳು ದಿನದೊಳಗೆ ಹೇಳ್ಬೇಕಿತ್ತು ಮೇಡಂ. ನೀವೇ ಸೈನ್ ಮಾಡಿದೀರಲ್ಲ" ಅಂದರು. ಕಂಪನಿಗೆ ಫೋನ್ ಮಾಡಿದರೆ ಫಿಸಿಕಲ್ ಡ್ಯಾಮೇಜು ವಾರಂಟಿಗೆ ಬರುವುದಿಲ್ಲವಂತೆ. ಬೀಳಿಸಿದವರು ಯಾರೂ ಅಲ್ಲ, ದುಡ್ಡು ಕೊಟ್ಟವಳು ಮಾತ್ರ ತಪ್ಪಿತಸ್ಥೆ.

ಈ ಏಳು ದಿನ ಅನ್ನುವುದು ಅವರ ಅಂಗಡಿಯ ಕಟ್ಟಳೆ. ಅದನ್ನೇ ಕಾನೂನು ಅಂತ ನಂಬಿ ನಾವು ಸುಮ್ಮನಾಗುತ್ತೇವೆ. 2020ರ ಜುಲೈಯಲ್ಲಿ ಜಾರಿಗೆ ಬಂದ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಸಮಯವಿದೆ, 69ನೇ ಸೆಕ್ಷನ್. ಅದೂ ದಾಟಿದ್ದರೆ, ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದಲ್ಲಿ ದೂರು ವಿಚಾರಿಸುವ ಗ್ರಾಹಕರ ಆಯೋಗ ಮನ್ನಿಸಬಹುದು. ಮಷಿನ್ ಮನೆಗೆ ಬಂದ ದಿನದಿಂದ ಎಣಿಸಿ, ಡಬ್ಬ ಬಿಚ್ಚಿದ ದಿನದಿಂದ ಎಣಿಸಿ, ನಾನು ಅವಧಿಯೊಳಗೇ ಇದ್ದೇನೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಗಡುವು ಬೇರೆ, ನಾವು ದೂರು ಕೊಡುವ ಗಡುವು ಬೇರೆ. ಇವೆರಡನ್ನೂ ಕಲಸಿ ನಮ್ಮ ಮುಂದಿಡುತ್ತಾರೆ.

ಇನ್ನು ಸಹಿಯ ವಿಚಾರ. 1930ರ ಸರಕು ಮಾರಾಟ ಕಾಯ್ದೆ, ಬ್ರಿಟಿಷರ ಕಾಲದ್ದು, ಇವತ್ತಿಗೂ ಇದೆ. ಕೊಂಡವನು ಮೊದಲೇ ನೋಡಿರದ ಸರಕನ್ನು ತಲುಪಿಸಿದಾಗ, ಪರೀಕ್ಷಿಸಿ ನೋಡಲು ಸರಿಯಾದ ಅವಕಾಶ ಸಿಗುವವರೆಗೆ ಅವನು ಅದನ್ನು ಒಪ್ಪಿಕೊಂಡ ಹಾಗಲ್ಲ ಅನ್ನುತ್ತದೆ ಅದರ 41ನೇ ಸೆಕ್ಷನ್. ಬಿಚ್ಚಿದರೆ ವಾರಂಟಿ ಹೋಗುತ್ತದೆ ಅಂತ ಹೆದರಿಸಿದ ಮೇಲೆ ನನಗೆ ಸಿಕ್ಕ ಅವಕಾಶ ಯಾವುದು? ಆ ಹುಡುಗ ಬಂದು ಡಬ್ಬ ಬಿಚ್ಚಿದ ದಿನವೇ ಅಲ್ಲವೇ?

ನಮ್ಮ ಭಾವ ಅಂಗಡಿಯವರ ಪರ ಒಂದು ಮಾತು ಹೇಳಿದರು. ಏಳು ತಿಂಗಳಲ್ಲಿ ನೀವೇ ಬೀಳಿಸಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ತಡ ಮಾಡಿದಷ್ಟೂ ಅನುಮಾನ ಹೆಚ್ಚು ಅಂತ. ಒಪ್ಪುತ್ತೇನೆ, ಬೇಗ ಹೇಳಿದ್ದರೆ ನನಗೂ ಸುಲಭವಿತ್ತು. ಆದರೆ ಅನುಮಾನ ಇದ್ದರೆ ಪರೀಕ್ಷೆ ಮಾಡಿಸಲಿ! ಕಣ್ಣಿಗೆ ಕಾಣದ ದೋಷವಾದರೆ ಆಯೋಗವೇ ವಸ್ತುವನ್ನು ಲ್ಯಾಬಿಗೆ ಕಳಿಸಿ 45 ದಿನದಲ್ಲಿ ವರದಿ ತರಿಸಿಕೊಳ್ಳಲು ಕಾಯ್ದೆಯಲ್ಲೇ ದಾರಿ ಇದೆ. ಇಬ್ಬರು ಗಂಡಸರು ಏದುಸಿರು ಬಿಟ್ಟು ಒಳಗಿಟ್ಟ ಮಷಿನ್ ಅದು. ಅರವತ್ತೆಂಟರ ಅಮ್ಮ, ನಾನು, ನಾವಿಬ್ಬರು ಅದನ್ನು ಎತ್ತಿ ಹಾಕಿದೆವೇ? ಈ ಪ್ರಶ್ನೆಯನ್ನಾದರೂ ಮ್ಯಾನೇಜರು ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ಅವರು ತಾರೀಖು ನೋಡಿ ಫೈಲು ಮುಚ್ಚಿದರು, ಭಾವ.

ಬಿಚ್ಚುವಾಗ ವಿಡಿಯೋ ಮಾಡಬೇಕಿತ್ತು ಅಂತ ಮೂವರು ಮೆಸೇಜ್ ಮಾಡಿದ್ದೀರಿ. ಮಾಡಿದ್ದರೆ ಅನುಕೂಲವಿತ್ತು, ನೀವೆಲ್ಲ ಮಾಡಿ. ಆದರೆ ವಿಡಿಯೋ ಇಲ್ಲದಿದ್ದರೆ ಹಕ್ಕೇ ಇಲ್ಲ ಅಂತ ಕಾಯ್ದೆ ಎಲ್ಲೂ ಹೇಳಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಸಿದ್ದು ಅಮ್ಮನ ಮಾತು. ಈಗ ಅಡಿಕೆ ಸುಲಿಯುವ ಕಾಲ. ಅಡಿಕೆಯ ಕಲೆಗಟ್ಟುವ ರಸ, ಚೊಗರು, ಹತ್ತಿದ ಬಟ್ಟೆ ಒಗೆಯುವ ಕಷ್ಟ ಮಲೆನಾಡಿನವರಿಗೆ ಗೊತ್ತು. ಅಮ್ಮನ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿದೆ, ಬಟ್ಟೆ ಹಿಂಡಲು ಆಗದೆ ನೀರು ಸುರಿಯುವ ಹಾಗೇ ತಂತಿಗೆ ಹಾಕುತ್ತಾಳೆ. ಆ ಕೈಯಲ್ಲೇ ನನಗೆ ಚಾ ಕೊಟ್ಟು, "ಹೋಗ್ಲಿ ಬಿಡು, ಇಷ್ಟು ವರ್ಷ ಕೈಯಲ್ಲೇ ಒಗ್ದಿಲ್ವಾ" ಅಂದಳು. ಈ ಹೋಗ್ಲಿ ಬಿಡು ಎಷ್ಟು ಮನೆಗಳಲ್ಲಿ ಕೇಳುತ್ತದೆ ಅನ್ನುವ ಲೆಕ್ಕ ಅಂಗಡಿಯವರಿಗಿದೆ. ಅದರ ಮೇಲೇ ಆ ಏಳು ದಿನದ ಕಟ್ಟಳೆ ನಿಂತಿದೆ.

ಬಿಡುವುದಿಲ್ಲ. 1915ಕ್ಕೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ನಾಳೆ ಅಂಗಡಿಗೂ ಕಂಪನಿಗೂ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಹೋಗುತ್ತದೆ. ಉತ್ತರ ಬಾರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ಡಬ್ಬ, ಥರ್ಮಾಕೋಲ್ ಎಲ್ಲ ಒಲೆ ಬುಡಕ್ಕೆ ಹಾಕ್ತೀನಿ ಅಂತ ಅಮ್ಮ ಈಗಷ್ಟೇ ಬಂದಳು. ಒಂದು ಚೂರೂ ಮುಟ್ಟಬೇಡ ಅಂದಿದ್ದೇನೆ. ಆ ಬೂದು ಪುಡಿಯನ್ನೂ ಗುಡಿಸಿ, ಉಪ್ಪಿನಕಾಯಿ ಬಾಟಲಿಗೆ ತುಂಬಿ, ತಾರೀಖು ಬರೆದು ಅಟ್ಟದ ಮೇಲಿಟ್ಟಿದ್ದೇನೆ.